ನಮ್ಮ ಇಂಟರ್‌ವ್ಯೂ ಭಯಕ್ಕೆ 180 ವರ್ಷ

1/6
ಫೋಟೋದಲ್ಲಿ ಇರೋದು ನನ್ನ ನೋಟ್‌ಬುಕ್. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಭಾಷೆ ಇಂಗ್ಲಿಷು, ಅಕ್ಷರ ಕನ್ನಡ: ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.’ ಮುಂದಿನ ವಾರ ಮಂಡ್ಯದಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ಇದೆ. ಮೊನ್ನೆ ಪ್ರಾಕ್ಟೀಸ್‌ಗೆ ಕೂತಾಗ ‘ನಿಮ್ಮ ವೀಕ್‌ನೆಸ್ ಏನು?’ ಅಂತ ಕೇಳಿದ್ರು. ನಾನು, ಮದ್ದೂರಿನ ಗೆಳತಿ, ಮಳವಳ್ಳಿಯ ಗೆಳೆಯ, ಮೂವರೂ ಒಂದೇ ಉತ್ತರ ಒಪ್ಪಿಸಿದ್ವಿ: ‘ಐ ಆಮ್ ಎ ಪರ್ಫೆಕ್ಷನಿಸ್ಟ್.’ ಮೂವರೂ ನೋಡಿದ್ದು ಒಂದೇ ವಿಡಿಯೋ! ಎಲ್ರೂ ನಕ್ಕರು. ನಾನೂ ನಕ್ಕೆ, ಆದ್ರೆ ಒಳಗೆ ಕುಗ್ಗಿಹೋದೆ. ಬ್ಯಾಲೆನ್ಸ್ ಶೀಟ್ ಸರಿಯಾಗಿ ಹಾಕೋ ನಮಗೆ ಈ ಭಯ ಎಲ್ಲಿಂದ ಬಂತು? ಹುಡುಕ್ತಾ ಹೋದೆ.

2/6
1835ರಲ್ಲಿ ಮೆಕಾಲೆ ಇಂಗ್ಲಿಷ್ ಶಿಕ್ಷಣದ ಪರ ವಾದ ಮಾಡಿದ್ದು ನಮಗೆಲ್ಲ ಗೊತ್ತು. ಅದಕ್ಕಿಂತ ಜೋರಾದ ಏಟು 1844ರದ್ದು. ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣ ಪಡೆದವರಿಗೇ ಸರ್ಕಾರಿ ಕೆಲಸದಲ್ಲಿ ಮೊದಲ ಆದ್ಯತೆ ಅಂತ ಆದೇಶ ಮಾಡಿದ. ಅಲ್ಲಿಂದ ಇಂಗ್ಲಿಷ್ ಬರೀ ಭಾಷೆ ಅಲ್ಲ, ಸಂಬಳದ ಬೀಗದಕೈ. 1855ರಲ್ಲಿ ಸಿವಿಲ್ ಸರ್ವೀಸ್ ಪರೀಕ್ಷೆ ಶುರುವಾಯ್ತು, ಅದೂ ಲಂಡನ್ನಿನಲ್ಲಿ. ಭಾರತದಲ್ಲೇ ಕೂತು ಬರೆಯೋಕೆ ಅವಕಾಶ ಸಿಕ್ಕಿದ್ದು 1922ರಲ್ಲಿ.

3/6
ನಮ್ಮ ಮೈಸೂರು ಸಂಸ್ಥಾನದಲ್ಲೂ ಕಥೆ ಬೇರೆ ಇರ್ಲಿಲ್ಲ. ಇಂಗ್ಲಿಷ್ ಓದಿದ್ದ ಕೆಲವೇ ಸಮುದಾಯದವರು ಕಚೇರಿ ತುಂಬಿದ್ರು, ಹೊಲ ಉಳೋರ ಮಕ್ಕಳು ಹೊರಗೇ ಉಳಿದ್ರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಕ ಆಯ್ತು. ಯಾರು ಹಿಂದುಳಿದವರು ಅಂತ ಅಳೆಯೋಕೆ ಸಮಿತಿ ನೋಡಿದ್ದರಲ್ಲಿ ಒಂದು, ಯಾವ ಸಮುದಾಯದಲ್ಲಿ ಎಷ್ಟು ಜನಕ್ಕೆ ಇಂಗ್ಲಿಷ್ ಬರುತ್ತೆ ಅನ್ನೋದು! 7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಈ ಜನಕ್ಕೆ ಸಿಗಬೇಕು ಅಂತ ಅದು ಶಿಫಾರಸು ಮಾಡ್ತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರ್ಲಿಲ್ಲ, ಹುದ್ದೆ ಬಿಟ್ಟರು. ಮಂಡ್ಯದೋರಿಗೆ ಅವರೂ ಬೇಕು, ನಾಲ್ವಡಿನೂ ಬೇಕು. ಆದ್ರೆ ಈ ಒಂದು ವಿಷಯದಲ್ಲಿ ನಾನು ನಾಲ್ವಡಿ ಪರ ಕಣ್ರಪ್ಪ.

4/6
1979ರಿಂದ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನ ಕನ್ನಡದಲ್ಲೂ ಬರೀಬಹುದು, ಇಂಟರ್‌ವ್ಯೂನೂ ಕನ್ನಡದಲ್ಲೇ ಕೊಡಬಹುದು. ಇಂಗ್ಲಿಷ್ ಪೇಪರ್ ಒಂದನ್ನ ಮಾತ್ರ ಪಾಸ್ ಮಾಡ್ಲೇಬೇಕು. ಕನ್ನಡದಲ್ಲೇ ಬರೆದು ಐಎಎಸ್ ಆದ ಮೊದಲಿಗರು ಕೆ. ಶಿವರಾಮ್, ನಮ್ಮ ಪಕ್ಕದ ರಾಮನಗರದ ಕಡೆಯವರು. ಹೌದು, ‘ಬಾ ನಲ್ಲೆ ಮಧುಚಂದ್ರಕೆ’ ಸಿನಿಮಾದ ಹೀರೋ ಅವರೇ. ಅಂದ್ರೆ ಆದೇಶದಿಂದ ಮುಚ್ಚಿದ ಬಾಗಿಲು ಆದೇಶದಿಂದಲೇ ತೆರೆಯುತ್ತೆ. ಪ್ರೈವೇಟ್ ಕಂಪನಿಗಳ ಬಾಗಿಲು ಮಾತ್ರ ಇನ್ನೂ ಇಂಗ್ಲಿಷಲ್ಲೇ ಕೇಳುತ್ತೆ: ‘ಮೇ ಐ ಕಮ್ ಇನ್?’

5/6
ಹಂಗಾದ್ರೆ ಬಾಯಿಪಾಠ ಮಾಡ್ಲಾ? ಅದಕ್ಕೂ ಹಿಸ್ಟರಿ ಇದೆ. 1921ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಕೆಲಸ ಕೇಳಿ ಬಂದೋರಿಗೆ ಸುಮಾರು 150 ಪ್ರಶ್ನೆ ಕೊಡ್ತಿದ್ದ. ಪ್ರಶ್ನೆಗಳು ಪೇಪರ್‌ನಲ್ಲಿ ಲೀಕ್ ಆದ್ವು. ಅದೇ ವರ್ಷ ಐನ್‌ಸ್ಟೀನ್‌ಗೆ ಶಬ್ದದ ವೇಗ ಎಷ್ಟು ಅಂತ ಕೇಳಿದ್ರೆ, ಪುಸ್ತಕದಲ್ಲಿ ಸಿಗೋದನ್ನ ನಾನು ತಲೆಯಲ್ಲಿ ಇಟ್ಕೊಳ್ಳಲ್ಲ ಅಂದುಬಿಟ್ಟರು! ಬಾಯಿಪಾಠದ ಉತ್ತರ ಯಾರ ಬಾಯಲ್ಲಾದ್ರೂ ಇರುತ್ತೆ. ನಮ್ಮದು ಅಂತ ಇರೋದು ನಮ್ಮ ಬದುಕು.

6/6
ನಿನ್ನೆ ಮೂವರೂ ಕೂತು ಉತ್ತರ ಎಲ್ಲ ಹೊಡೆದುಹಾಕಿ ಮತ್ತೆ ಬರೆದ್ವಿ. ಗೆಳತಿ: ಮದ್ದೂರು ಎಳನೀರು ಮಾರ್ಕೆಟ್‌ನಲ್ಲಿ ಅಪ್ಪನ ಲೋಡ್ ಲೆಕ್ಕ ದಿನಾ ಬರೆಯೋದು ಅವಳೇ. ಗೆಳೆಯ: ಮನೇಲಿ ರೇಷ್ಮೆ ಸಾಕ್ತಾರೆ, ಗೂಡಿನ ರೇಟ್ ಬಿದ್ದಾಗ ಸಂಸಾರ ಹೆಂಗೆ ತೂಗಿಸ್ಬೇಕು ಅಂತ ನೋಡಿ ಕಲ್ತಿದ್ದಾನೆ. ನಾನು: ಕಬ್ಬು ಕಡಿದ ದಿನವೇ ಕೂಲಿ ಕೊಡ್ಬೇಕು, ಕಬ್ಬಿನ ದುಡ್ಡು ಬರೋದು ಆಮೇಲೆ. ವರ್ಕಿಂಗ್ ಕ್ಯಾಪಿಟಲ್ ಅಂದ್ರೆ ಏನು ಅಂತ ನನಗೆ ಟೆಕ್ಸ್ಟ್‌ಬುಕ್‌ಗಿಂತ ಮೊದ್ಲೇ ತಾತ ಹೇಳಿಕೊಟ್ಟಿದ್ರು.

ವೀಕ್‌ನೆಸ್ ಪ್ರಶ್ನೆಗೂ ಹೊಸ ಉತ್ತರ ಬರ್ಕೊಂಡಿದ್ದೀನಿ: ‘ಐ ಥಿಂಕ್ ಇನ್ ಕನ್ನಡ ಫಸ್ಟ್, ಸೋ ಐ ಸ್ಪೀಕ್ ಸ್ಲೋಲಿ. ಬಟ್ ಮೈ ಅಕೌಂಟ್ಸ್ ಟ್ಯಾಲಿ.’

ಸೋಮವಾರ ಇಂಟರ್‌ವ್ಯೂ. ನಿಮ್ಮ ನಿಜವಾದ ಉತ್ತರ ಏನು? ಕಾಮೆಂಟ್‌ನಲ್ಲಿ ಕನ್ನಡದಲ್ಲೇ ಹಾಕಿ, ಇಂಗ್ಲಿಷ್‌ಗೆ ಎಲ್ರೂ ಸೇರಿ ತಿರುಗಿಸೋಣ.

#ಮಂಡ್ಯ #ಮದ್ದೂರು #ಮಳವಳ್ಳಿ #ಬಿಕಾಂ