ಕೊಪಾಯಿಸ್ ಕೆರೆಯನ್ನು ತುಂಬಿಸಿದವರು ಯಾರು? ಒಂದು ಹೆರಾಕ್ಲೀಸ್ ಕಥೆಯ ಮರುಪರಿಶೀಲನೆ

ಮಧ್ಯ ಗ್ರೀಸಿನ ಬೋಯೋಷಿಯದಲ್ಲಿರುವ ಕೊಪಾಯಿಸ್ ಬಯಲಿನ ಸುತ್ತಲೂ ಸುಣ್ಣಕಲ್ಲಿನ ಬೆಟ್ಟಗಳಿವೆ. ಕೆಫಿಸೋಸ್ ನದಿ ತರುವ ನೀರಿಗೆ ಇಲ್ಲಿ ಕಡಲಿನತ್ತ ತೆರೆದ ಕಣಿವೆಯಿಲ್ಲ. ಬೆಟ್ಟದ ಬುಡದ ಬಿಲಗಳಿಗೆ ಇಳಿದು, ನೆಲದಡಿಯಲ್ಲೇ ಹರಿದು ಅದು ಕಡಲು ಸೇರಬೇಕಿತ್ತು. ಬಿಲಗಳು ಕಟ್ಟಿಕೊಂಡರೆ ಬಯಲೆಲ್ಲ ಕೆರೆಯಾಗುತ್ತಿತ್ತು. ಆಧುನಿಕ ಕಾಮಗಾರಿ ಇದನ್ನು ಬತ್ತಿಸಿದ್ದು 19ನೆಯ ಶತಮಾನದ ಕೊನೆಯಿಂದ ಈಚೆಗೆ.

ಆದರೆ ಮೈಸೀನಿಯನ್ ಕಾಲದಲ್ಲೇ, ಕ್ರಿ.ಪೂ. 14-13ನೆಯ ಶತಮಾನಗಳಲ್ಲಿ, ಇಲ್ಲಿ ಏರಿಗಳನ್ನು ಕಟ್ಟಿ, ಕಾಲುವೆ ತೋಡಿ ನೀರನ್ನು ಬಿಲಗಳತ್ತ ತಿರುಗಿಸಿದ್ದರು. ಬಯಲಿನ ಈಶಾನ್ಯದ ಗ್ಲಾ ಎಂಬ ದಿಬ್ಬದ ಮೇಲೆ ಸುಮಾರು 3 ಕಿ.ಮೀ. ಸುತ್ತಳತೆಯ ಕೋಟೆ ಎದ್ದಿತು; ಅದರೊಳಗಿನ ಉಗ್ರಾಣಗಳಲ್ಲಿ ಸುಟ್ಟು ಕರಿಯಾದ ಧಾನ್ಯ ಸಿಕ್ಕಿದೆ. ಕೋಟೆ ಬೆಂಕಿಗೆ ಬಿದ್ದ ಮೇಲೆ ಏರಿಗಳನ್ನು ನೋಡಿಕೊಳ್ಳುವವರು ಇಲ್ಲವಾದರು, ನೀರು ಮತ್ತೆ ಬಂತು.

ಪುರಾಣ ಹೇಳುವುದು ಬೇರೆ. ಇದೇ ಬಯಲಿನ ಅಂಚಿನ ಆರ್ಕೊಮೆನೋಸ್ ನಗರದ ದೊರೆ ಎರ್ಗಿನೋಸ್ ಥೀಬ್ಸಿನಿಂದ ವರ್ಷಕ್ಕೆ 100 ದನಗಳ ಕಪ್ಪ ವಸೂಲು ಮಾಡುತ್ತಿದ್ದ. ಥೀಬ್ಸಿನ ಹೆರಾಕ್ಲೀಸ್ ಕಪ್ಪ ಕೇಳಲು ಬಂದ ದೂತರ ಕಿವಿ ಮೂಗು ಕೊಯ್ದು ಕಳಿಸಿದ, ಬಿಲಗಳನ್ನು ಮುಚ್ಚಿ ಶತ್ರುವಿನ ಬಯಲನ್ನು ಮುಳುಗಿಸಿದ. ಇದು ಕಂಚಿನ ಯುಗದ ನೆನಪೇ ಉಳಿದುಬಂದದ್ದು ಎಂಬ ವಾದ ಆಕರ್ಷಕ. ನನಗೆ ಅದು ಒಪ್ಪಿಗೆಯಿಲ್ಲ. ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸೇನಿಯಸನೇ ಇದನ್ನು ಥೀಬ್ಸಿನವರ ಮಾತೆಂದು ದಾಖಲಿಸಿ ಅನುಮಾನಿಸಿದ್ದಾನೆ. ಕೆರೆ ತಾನಾಗಿಯೇ ಆದದ್ದೆಂದು ಹೋಮರನಿಗೂ ಗೊತ್ತಿತ್ತು, ಅಷ್ಟು ಸಿರಿವಂತರಾದ ಆರ್ಕೊಮೆನೋಸಿನವರು ಬಿಲವನ್ನು ಮತ್ತೆ ತೆರೆಯದೆ ಸುಮ್ಮನಿರುತ್ತಿದ್ದರೇ ಎಂಬುದು ಅವನ ತರ್ಕ. ಇನ್ನೂ ಒಂದು ಸಂಗತಿ: ಅರ್ಕೇಡಿಯದ ಫೆನಿಯೋಸಿನದೂ ಇಂಥದೇ ಬಯಲು. ಅಲ್ಲಿನವರ ಪ್ರಕಾರ ಇದೇ ಹೆರಾಕ್ಲೀಸ್ ನೀರು ಹರಿದುಹೋಗಲು ಕಾಲುವೆ ತೋಡಿದ ಉಪಕಾರಿ! ವೀರ ತೋಡಿದನೋ ಮುಚ್ಚಿದನೋ ಎಂಬುದನ್ನು ತೀರ್ಮಾನಿಸಿದ್ದು ಕಥೆ ಹೇಳುವ ಊರು. ಥೀಬ್ಸಿಗೂ ಆರ್ಕೊಮೆನೋಸಿಗೂ ಇದ್ದ ಹಗೆತನವಂತೂ ಬರೀ ಕಥೆಯಲ್ಲ, ಕ್ರಿ.ಪೂ. 364ರಲ್ಲಿ ಥೀಬ್ಸ್ ಆ ನಗರವನ್ನು ನಾಶಮಾಡಿತು.

ಹಾಗಾದರೆ ಕಥೆಗೆ ಬೀಜ ಎಲ್ಲಿಯದು? ಹಳೆಯ ಏರಿಗಳ ಅವಶೇಷಗಳಲ್ಲಿ ಎಂಬುದು ನನ್ನ ಊಹೆ. ಇಂಥ ಅವಶೇಷ ಕಂಡಾಗ ಜನ ಅದಕ್ಕೊಂದು ಕಥೆ ಕಟ್ಟುತ್ತಿದ್ದರು ಎಂಬುದಕ್ಕೆ ನಿದರ್ಶನವಿದೆ. ಅಲೆಕ್ಸಾಂಡರನ ಕಾಲದಲ್ಲಿ ಖಾಲ್ಕಿಸಿನ ಎಂಜಿನಿಯರ್ ಕ್ರಾಟೀಸ್ ಬಿಲಗಳ ಹೂಳು ತೆಗೆಸತೊಡಗಿದ್ದನ್ನು ಭೂಗೋಳಜ್ಞ ಸ್ಟ್ರಾಬೊ ತಿಳಿಸುತ್ತಾನೆ. ಬೋಯೋಷಿಯದವರ ಒಳಜಗಳದಿಂದ ಕೆಲಸ ಅರ್ಧಕ್ಕೇ ನಿಂತಿತಾದರೂ ನೀರಿಳಿದ ಕಡೆ ಹಳೆಯ ಊರುಗಳ ನಿವೇಶನಗಳು ಹೊರಬಿದ್ದವು. ಕೆಲವರು ಅವನ್ನು ಪ್ರಾಚೀನ ಆರ್ಕೊಮೆನೋಸ್ ಎಂದರು, ಇನ್ನು ಕೆಲವರು ಎಲ್ಯೂಸಿಸ್ ಮತ್ತು ಅಥೆನ್ಸ್ ಎಂಬ ಹೆಸರಿನ ಮುಳುಗಿದ ಊರುಗಳೆಂದರು.