ನಲವತ್ತೈದು ದಿನದ ರಿವಾಲ್ವರ್

ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೋದವರಿಗೆ ದೌಂಡ ಗೊತ್ತಿರುತ್ತದೆ. ಸೊಲ್ಲಾಪುರದ ಕಡೆಯಿಂದ ಬಂದ ಗಾಡಿ ಇಲ್ಲಿ ಪುಣೆಯ ದಾರಿ ಬಿಟ್ಟು ಅಹಮದ್‌ನಗರ, ಮನ್ಮಾಡ್ ಕಡೆ ತಿರುಗುತ್ತದೆ. ಕಾರ್ಡ್ ಲೈನ್ ಬರುವುದಕ್ಕೆ ಮುಂಚೆ ಇಲ್ಲಿ ಎಂಜಿನ್ ಕಳಚಿ ಗಾಡಿಯ ಇನ್ನೊಂದು ತುದಿಗೆ ಜೋಡಿಸುತ್ತಿದ್ದರು. ಅಷ್ಟು ಹೊತ್ತು ಚಹಾ ಕುಡಿದು ಬಂದವರು ನೋಡಿದರೆ, ಮುಖ ಮಾಡಿ ಕೂತಿದ್ದ ದಿಕ್ಕಿಗೆ ಬೆನ್ನು ಮಾಡಿ ಪ್ರಯಾಣ ಮುಂದುವರಿಯುತ್ತಿತ್ತು. ಭೀಮಾ ನದಿಯ ದಂಡೆಯ ಈ ಊರಿನಲ್ಲಿ ಎರಡು ಬಗೆಯ ಸಮವಸ್ತ್ರ ಎದ್ದು ಕಾಣುತ್ತವೆ. ಒಂದು ರೈಲ್ವೆಯದು. ಇನ್ನೊಂದು ಮಹಾರಾಷ್ಟ್ರ ರಾಜ್ಯ ಮೀಸಲು ಪೊಲೀಸ್ ಪಡೆಯದು. ಅದರ ಎರಡು ತುಕಡಿಗಳ ನೆಲೆ ಇಲ್ಲಿದೆ. ಹಾಗಾಗಿ ಬಂದೂಕು ಈ ಊರಿನವರಿಗೆ ಅಪರೂಪದ ನೋಟವಲ್ಲ. ಅದು ಸರ್ಕಾರದ ಹೆಗಲ ಮೇಲಿರುತ್ತದೆ, ಅಷ್ಟೆ.

ಇಂಥ ಊರಿನಲ್ಲಿ ನಿವೃತ್ತನಾದ ಒಬ್ಬ ರೈಲ್ವೆ ಗಾರ್ಡನನ್ನು ಕಲ್ಪಿಸಿಕೊಳ್ಳಿ. ಮೂಲ ಕಲಬುರಗಿ ಕಡೆಯವನು, ಮಕ್ಕಳು ಪುಣೆಯಲ್ಲಿ, ಗ್ರಾಚ್ಯುಟಿ ಹಣ ಬ್ಯಾಂಕಿನಲ್ಲಿ. ಸ್ವರಕ್ಷಣೆಗೆಂದು ಬಹಳ ಹಿಂದೆ ಪಡೆದ ಲೈಸೆನ್ಸ್ ಒಂದಿದೆ. ಪರಿಚಯದವರ ಮನೆಯಲ್ಲಿ ವೆಬ್ಲಿ ರಿವಾಲ್ವರ್ ಒಂದು ಮಾರಾಟಕ್ಕಿದೆ ಎಂಬ ಸುದ್ದಿ ಬರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು, .32 ಬೋರ್, ಆರು ಗುಂಡಿನದು, ನಳಿಗೆಯ ಮೇಲೆ ಕಲ್ಕತ್ತೆಯ ಮ್ಯಾಂಟನ್ ಕಂಪನಿಯ ಹೆಸರು. ಕೇಳುವ ಬೆಲೆಗೆ ಒಂದು ಹೊಸ ಕಾರು ಬರುತ್ತದೆ. ಹೆಂಡತಿ ಕೇಳುವ ಪ್ರಶ್ನೆ ಒಂದೇ: ‘ಅದನ್ನ ತಗೊಂಡು ಏನ್ ಮಾಡ್ತೀರಿ?’

ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದನ್ನು ಹೆಂಡತಿಗಿಂತ ಮುಂಚೆ ಕೇಳಿದ್ದು ಸರ್ಕಾರ.

ರಿವಾಲ್ವರಿನ ಕಥೆಗೆ ಆರಂಭದಿಂದಲೂ ಭಾರತದ ನಂಟಿದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1830ರಲ್ಲಿ ಹದಿಹರೆಯದ ಹುಡುಗ. ಕಲ್ಕತ್ತೆಗೆ ಹೊರಟ ಹಡಗಿನಲ್ಲಿ ಕೆಲಸಕ್ಕಿದ್ದ. ಸುತ್ತಿ ಸುತ್ತಿ ಒಂದೊಂದು ನೆಲೆಗೆ ಬಂದು ನಿಲ್ಲುವ ಹಡಗಿನ ಯಂತ್ರವನ್ನು ನೋಡಿ, ಆ ಪ್ರಯಾಣದಲ್ಲೇ ಮರದಲ್ಲಿ ಮಾದರಿಯೊಂದನ್ನು ಕೆತ್ತಿದೆ ಎಂದು ಆತ ಆಮೇಲೆ ಹೇಳಿಕೊಂಡ. ಒಳ್ಳೆಯ ವ್ಯಾಪಾರಿ, ಕಥೆ ಎಷ್ಟು ನಿಜವೋ, ಮಾರಾಟಕ್ಕಂತೂ ಚೆನ್ನಾಗಿತ್ತು. 1836ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕೋಲ್ಟ್ ತನ್ನ ಸರಕನ್ನು ಸಾಲಾಗಿ ಜೋಡಿಸಿಟ್ಟ. ಅದೇ ವರ್ಷ ಇಂಗ್ಲೆಂಡಿನ ರಾಬರ್ಟ್ ಆ್ಯಡಮ್ಸ್ ತನ್ನದೇ ರಿವಾಲ್ವರಿಗೆ ಪೇಟೆಂಟ್ ಪಡೆದ. ಕೋಲ್ಟ್‌ನಲ್ಲಿ ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು; ಆ್ಯಡಮ್ಸ್‌ನಲ್ಲಿ ಟ್ರಿಗರ್ ಒತ್ತಿದರೆ ಸಾಕು. ದೂರದ ಗುರಿಗೆ ಕೋಲ್ಟ್ ವಾಸಿ, ಮೈಮೇಲೆ ಬಿದ್ದವನಿಗೆ ಆ್ಯಡಮ್ಸ್ ವಾಸಿ ಎಂಬ ವಾದ ಅಧಿಕಾರಿಗಳ ಮೆಸ್ಸುಗಳಲ್ಲಿ ನಡೆಯುತ್ತಿತ್ತು.

ಈ ವಾದಕ್ಕೆ ಅರ್ಥವಿದ್ದದ್ದು ಒಂದು ಕಾರಣಕ್ಕೆ. ಬ್ರಿಟಿಷ್ ಅಧಿಕಾರಿ ತನ್ನ ರಿವಾಲ್ವರನ್ನು ತನ್ನದೇ ಹಣದಲ್ಲಿ ಕೊಳ್ಳಬೇಕಿತ್ತು. ಸೈನಿಕನಿಗೆ ಬಂದೂಕು ಸರ್ಕಾರ ಕೊಡುತ್ತಿತ್ತು. ಅಧಿಕಾರಿ ಮಾತ್ರ ಕತ್ತಿ, ಸಮವಸ್ತ್ರ, ರಿವಾಲ್ವರ್ ಎಲ್ಲಕ್ಕೂ ಸ್ವಂತ ಜೇಬಿಗೆ ಕೈ ಹಾಕಬೇಕು. ಭಾರತಕ್ಕೆ ಹೊರಟ ಇಪ್ಪತ್ತರ ಹರೆಯದ ಲೆಫ್ಟಿನೆಂಟ್ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮಾಡುತ್ತಿದ್ದ ಲೆಕ್ಕಕ್ಕೂ ದೌಂಡದ ಗಾರ್ಡನ ಲೆಕ್ಕಕ್ಕೂ ಬಹಳ ದೂರವಿಲ್ಲ. ಲೆಫ್ಟಿನೆಂಟನನ್ನು ‘ಏಕೆ’ ಎಂದು ಕೇಳುವವರಿರಲಿಲ್ಲ, ಅಷ್ಟೇ ವ್ಯತ್ಯಾಸ. 1891ರಲ್ಲಿ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಮುಂಬಯಿಯಲ್ಲೇ ಅಂಗಡಿ ತೆರೆದ ಮೇಲೆ ಲಂಡನ್ನಿಗೆ ಬರೆಯುವ ತಾಪತ್ರಯವೂ ತಪ್ಪಿತು. ಇಂದು ಸಂಗ್ರಾಹಕರು ಭೂತಗನ್ನಡಿ ಹಿಡಿದು ನಳಿಗೆಯ ಮೇಲೆ ಅಂಗಡಿಯ ಹೆಸರು ಹುಡುಕುವುದು ಇದಕ್ಕೇ. ಕಾರ್ಖಾನೆಯ ಹೆಸರು ಎಲ್ಲದರ ಮೇಲೂ ಇರುತ್ತದೆ. ಯಾವ ಊರಿನ ಯಾವ ಅಂಗಡಿಯಲ್ಲಿ ಒಬ್ಬ ಮನುಷ್ಯ ಅದನ್ನು ಆರಿಸಿಕೊಂಡ ಎಂಬುದನ್ನು ಅಂಗಡಿಯ ಹೆಸರು ಹೇಳುತ್ತದೆ.

ಈ ದೇಶದವರಿಗೆ ಆ ಅಂಗಡಿಯ ಬಾಗಿಲು ಮುಚ್ಚತೊಡಗಿದ್ದು 1857ರಲ್ಲಿ. ದಂಗೆಯ ನಡುವೆ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು: ಆಯುಧ ಇಟ್ಟುಕೊಂಡವರು ಅದನ್ನು ತಂದು ತೋರಿಸಬೇಕು, ಅನುಮತಿ ಇಲ್ಲದಿದ್ದರೆ ಒಪ್ಪಿಸಬೇಕು. ಕನ್ನಡ ನಾಡಿನಲ್ಲಿ ಇದಕ್ಕೆ ಬಂದ ಉತ್ತರ ಎಲ್ಲರಿಗೂ ಗೊತ್ತಿರುವ ಹಲಗಲಿ. ಆಗಿನ ಮುಧೋಳ ಸಂಸ್ಥಾನದ, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಆ ಊರಿನ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. ಬೇಟೆಯಾಡಿ ಬದುಕುವವನ ಕೈಯಿಂದ ಬಂದೂಕು ಕಿತ್ತುಕೊಂಡರೆ ಊಟವನ್ನೇ ಕಿತ್ತುಕೊಂಡಂತೆ, ಜೊತೆಗೆ ಮರ್ಯಾದೆಯನ್ನೂ. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ಪಡೆ ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದ ಸಂತೆಯ ದಿನ ಜನ ನೋಡಲೆಂದು, ಉಳಿದವರನ್ನು ಅವರದೇ ಊರಿನಲ್ಲಿ. ಹಲಗಲಿಯ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಆಯುಧ ಕಿತ್ತುಕೊಂಡ ಆಡಳಿತವೇ ಹಾಡನ್ನು ಜೋಪಾನ ಮಾಡಿತು.

ಅದೇ ಕಾಲದಲ್ಲಿ ಕೊಡಗಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್, ದೇಶ ಬಿಟ್ಟು ಹೊರಡುವ ಮುನ್ನ 1861ರ ಫೆಬ್ರವರಿಯಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಘೋಷಿಸಿದ. ನಿಷ್ಠೆಗೆ ಕೊಟ್ಟ ಬಹುಮಾನ ಅದು. ಸ್ವಾತಂತ್ರ್ಯದ ನಂತರವೂ ಅದು ಉಳಿಯಿತು. 1963ರ ಅಧಿಸೂಚನೆಯ ಪ್ರಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ನಯನಳಿಗೆಯ ಬಂದೂಕು, ಅದಕ್ಕೆ 500 ತೋಟೆ. ವಿನಾಯಿತಿ ಈಗ 2029ರವರೆಗೆ ವಿಸ್ತರಣೆಯಾಗಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಪಟ್ಟಿಯನ್ನು ಇನ್ನೊಮ್ಮೆ ಓದಿದರೆ, ಅದರಲ್ಲಿ ರಿವಾಲ್ವರ್ ಇಲ್ಲ. ಕೈಲ್ ಪೊಳ್ದಿನಲ್ಲಿ ಪೂಜೆಗೊಳ್ಳುವ, ನಳಿಗೆಗೆ ತೋಕ್ ಪೂ ಸಿಕ್ಕಿಸಿಕೊಳ್ಳುವ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ತೋಕು ಉದ್ದನೆಯ ಬಂದೂಕು. ಅದು ಕದಿರು ಕೊಯ್ಯುವಾಗ ಬೇಕು, ಕಾಡುಹಂದಿ ಬಂದಾಗ ಬೇಕು. ಅಂಗಿಯೊಳಗೆ ಬಚ್ಚಿಡಬಹುದಾದ ಆಯುಧಕ್ಕೆ ಕೊಡವನೂ ಎಲ್ಲರಂತೆ ಅರ್ಜಿ ಹಾಕಬೇಕು. ಆಳುವವರಿಗೆ, ಅಂದಿನವರಿಗೂ ಇಂದಿನವರಿಗೂ, ಬಂದೂಕಿಗಿಂತ ರಿವಾಲ್ವರಿನ ಭಯ ಹೆಚ್ಚು. ಬಂದೂಕು ಹೆಗಲ ಮೇಲೆ ಕಾಣುತ್ತದೆ.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯ್ದೆ ಈ ಭಯವನ್ನು ದೇಶಕ್ಕೆಲ್ಲ ಹರಡಿತು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಲೈಸೆನ್ಸ್. ಕಾಂಗ್ರೆಸ್ಸಿಗೆ ಇದು ಹಳೆಯ ಗಾಯ. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನ ಬರೆಯುವ ಹೊತ್ತಿಗೆ ಆ ಹಕ್ಕು ಸದ್ದಿಲ್ಲದೆ ಉದುರಿಹೋಯಿತು. 1959ರಲ್ಲಿ ಸ್ವತಂತ್ರ ಭಾರತ ತನ್ನದೇ ಕಾಯ್ದೆ ಮಾಡಿತು. ಬಣ್ಣದ ಭೇದ ಹೋಯಿತು, ‘ಏಕೆ ಬೇಕು’ ಎಂಬ ಪ್ರಶ್ನೆ ಉಳಿಯಿತು.

ವೆಬ್ಲಿಯ ಪ್ರೇಮಿಗೆ ನಿಜವಾದ ಏಟು ಬಿದ್ದದ್ದು ಆ ಕಾಯ್ದೆಯಡಿ 1962ರಲ್ಲಿ ಬಂದ ನಿಯಮಗಳಲ್ಲಿ. ವೆಬ್ಲಿ ಎಂದಾಗ ಜಗತ್ತಿನ ಸಂಗ್ರಾಹಕರ ಕಣ್ಣ ಮುಂದೆ ಬರುವುದು 1887ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ ಸರಣಿ. ಅದರ ತುದಿಯಲ್ಲಿ 1915ರ ಮಾರ್ಕ್ ಆರು. ಮೇಲಿನ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಂಡು, ಆರೂ ಖಾಲಿ ತೋಟೆಗಳು ಒಟ್ಟಿಗೆ ಮೇಲೇಳುತ್ತವೆ. ಕೆಸರಿನಲ್ಲಿ ಬಿದ್ದರೂ ಕೆಲಸ ಮಾಡುತ್ತದೆ ಎಂಬ ಖ್ಯಾತಿ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬಂದದ್ದು. ಅದರ ಬೋರ್ .455. ಮುಂದೆ ಸೈನ್ಯ .38ಕ್ಕೆ ಇಳಿಯಿತು, ಎನ್‌ಫೀಲ್ಡೂ ವೆಬ್ಲಿ ಮಾರ್ಕ್ ನಾಲ್ಕೂ ಆ ಗುಂಡಿನವು. ಭಾರತದ ನಿಯಮಗಳು ನಿರ್ಬಂಧಿತ ಪಟ್ಟಿಗೆ ಹಾಕಿದ್ದು ಸರಿಯಾಗಿ ಇವನ್ನೇ: .380 ಮತ್ತು .455 ಗುಂಡು ಹಿಡಿಸುವ ಯಾವುದೇ ಪಿಸ್ತೂಲು, ರಿವಾಲ್ವರ್. ತರ್ಕ ಸರಳ. ಸೈನ್ಯ, ಪೊಲೀಸರ ಉಗ್ರಾಣದಿಂದ ಕದ್ದ ಗುಂಡು ಖಾಸಗಿ ಆಯುಧಕ್ಕೆ ಹೊಂದಬಾರದು. ಚರಿತ್ರೆಯಿದ್ದ ವೆಬ್ಲಿಗಳೆಲ್ಲ ಹೀಗೆ ಸಾಮಾನ್ಯ ಲೈಸೆನ್ಸಿನ ಕೈಗೆ ಎಟುಕದೆ ಹೋದವು. ಉಳಿದದ್ದು .32, ಯುದ್ಧ ಕಾಣದ ಕಿರಿಯ ತಮ್ಮ. ಬೇರೆ ದೇಶದ ಸಂಗ್ರಾಹಕ ಅಷ್ಟಾಗಿ ಕಣ್ಣೆತ್ತಿ ನೋಡದ ಈ .32 ಇಲ್ಲಿ ಚಿನ್ನವಾಯಿತು.

1980ರ ದಶಕದಲ್ಲಿ ಸಾಮಾನ್ಯ ಪ್ರಜೆಗೆ ಆಮದು ನಿಂತ ಮೇಲಂತೂ ಅದರ ಬೆಲೆಗೆ ಮಿತಿಯಿಲ್ಲ. ದೇಶದೊಳಗಿದ್ದಷ್ಟೇ ಇರುವುದು, ಕೈ ಬದಲಾಗಬೇಕೇ ಹೊರತು ಸಂಖ್ಯೆ ಬೆಳೆಯುವುದಿಲ್ಲ. ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ತಂದ ‘ನಿರ್ಭೀಕ್’ ಎಂಬ .32 ರಿವಾಲ್ವರಿನ ಬೆಲೆ ಆಗ ಸುಮಾರು 1.22 ಲಕ್ಷ ರೂಪಾಯಿ ಇತ್ತು. ಹಳೆಯ ಆಮದು ಮಾಲಿಗೆ ಅದರ ಹಲವು ಪಟ್ಟು ಕೇಳುತ್ತಾರೆ, ಕೊಡುವವರೂ ಇದ್ದಾರೆ. ಆ ವ್ಯತ್ಯಾಸದಲ್ಲಿ ಉಕ್ಕಿನ ಗುಣಕ್ಕೆ ಸ್ವಲ್ಪ ಪಾಲಿದೆ. ದೊಡ್ಡ ಪಾಲು ಆಮದು ನೀತಿಯದು. ದೌಂಡದ ಗಾರ್ಡ್ ಕೊಡಲಿರುವ ಹಣದ ಬಹುಭಾಗ, ನೇರ ಹೇಳಬೇಕೆಂದರೆ, ಒಂದು ಸರ್ಕಾರಿ ಆದೇಶದ ಬೆಲೆ. ಆದೇಶ ಸಡಿಲವಾದ ದಿನ ಅದು ಕರಗಬಹುದು. ಹೂಡಿಕೆ ಎಂದುಕೊಂಡು ಕೊಳ್ಳುವವರು ಈ ಮಾತನ್ನು ಹೆಂಡತಿಗೆ ಹೇಳುವುದಿಲ್ಲ.

ಹೊರದೇಶದಲ್ಲಿ ಬೆಲೆ ಕಟ್ಟುವುದು ಕಥೆ. 1873ರಲ್ಲಿ ಬ್ರಸೆಲ್ಸಿನಲ್ಲಿ ಕವಿ ವೆರ್ಲೇನ್ ಕವಿ ರಿಂಬೋನ ಮೇಲೆ ಗುಂಡು ಹಾರಿಸಿದ ಸಾಧಾರಣ ರಿವಾಲ್ವರ್ 2016ರಲ್ಲಿ ಪ್ಯಾರಿಸ್ಸಿನಲ್ಲಿ 4,34,500 ಯೂರೋಗೆ ಹೋಯಿತು. ಬಿಲ್ಲಿ ದ ಕಿಡ್‌ನನ್ನು ಕೊಂದ ಕೋಲ್ಟಿಗೆ 2021ರಲ್ಲಿ 60 ಲಕ್ಷ ಡಾಲರ್ ದಾಟಿತು. ನಮ್ಮ ಟಿಪ್ಪುವಿನ ಶಯನಾಗಾರದ ಖಡ್ಗ 2023ರಲ್ಲಿ ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ದೌಂಡದ ವೆಬ್ಲಿಗೆ ಅಂಥ ಕಥೆಯಿಲ್ಲ. ಯಾರನ್ನೂ ಕೊಂದಿಲ್ಲದಿದ್ದರೆ ಅದೇ ಪುಣ್ಯ.

ಕಥೆಯೇ ಮುಖ್ಯ, ಗುಂಡು ಹಾರಿಸುವ ಆಸೆಯಿಲ್ಲ ಎನ್ನುವವರಿಗೆ ಕಾಯ್ದೆಯಲ್ಲಿ ಒಂದು ಕಿಂಡಿಯಿದೆ. 45ನೇ ಕಲಮಿನ ಪ್ರಕಾರ, ಹಳತಾದ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ, ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಅಂದರೆ ನಳಿಗೆ ಮುಚ್ಚಿ, ಒಳಗಿನ ಭಾಗ ಕೊರೆದು ಹಾಳು ಮಾಡಿ, ಗೋಡೆಗೆ ತೂಗುಹಾಕಬಹುದು. ಸಂಗ್ರಾಹಕನಿಗೆ ಇದು ವೀಣೆಯ ತಂತಿ ಕಿತ್ತು ಷೋಕೇಸಿನಲ್ಲಿಟ್ಟ ಹಾಗೆ. ಸಿಲಿಂಡರ್ ತಿರುಗಿ ನಿಲ್ಲುವಾಗಿನ ಆ ಸಣ್ಣ ‘ಟಕ್’ ಸದ್ದಿಗಾಗಿಯೇ ಅವನು ಹಣ ಕೊಡುವುದು.

ಹಾಗಾಗಿ ಗಾರ್ಡನ ಮುಂದಿರುವುದು ಬದುಕಿರುವ ರಿವಾಲ್ವರನ್ನೇ ಕೊಳ್ಳುವ ದಾರಿ. ಅದಕ್ಕೂ ಕಾಯ್ದೆಯಲ್ಲೊಂದು ಸೊಗಸಾದ ಏರ್ಪಾಡಿದೆ. ಖಾಸಗಿ ವ್ಯಕ್ತಿ ತನ್ನ ಬಂದೂಕನ್ನು ಅರ್ಹನಾದ ಇನ್ನೊಬ್ಬನಿಗೆ ಮಾರಬಹುದು. ಆದರೆ ಕೊಳ್ಳುವವನ ಹೆಸರು, ವಿಳಾಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಉದ್ದೇಶ ಪೊಲೀಸರಿಗೆ ಸಮಯ ಕೊಡುವುದು. ಒದಗಿಬರುವುದು ಕೊಳ್ಳುವವನ ಮನಸ್ಸಿಗೆ. ಜಗತ್ತಿನ ಬೇರೆ ಯಾವ ದುಬಾರಿ ಹುಚ್ಚಿಗೂ ನಮ್ಮ ಸರ್ಕಾರ ಒಂದೂವರೆ ತಿಂಗಳ ಯೋಚನೆಯ ಅವಕಾಶ ಕೊಟ್ಟಿಲ್ಲ; ಚಿನ್ನಕ್ಕಿಲ್ಲ, ಸೈಟಿಗಿಲ್ಲ, ಮದುವೆ ಛತ್ರಕ್ಕಂತೂ ಇಲ್ಲವೇ ಇಲ್ಲ.

ಆ 45 ದಿನಗಳಲ್ಲಿ ಅವನು ಯೋಚಿಸಬೇಕಾದ ಕೆಲವು ಸಂಗತಿಗಳಿವೆ. 1983ರ ತಿದ್ದುಪಡಿ ಒಬ್ಬರಿಗೆ ಮೂರು ಆಯುಧ ಎಂದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಅಜ್ಜನ ಕಾಲದ ಬಂದೂಕೂ ಆ ಎಣಿಕೆಯೊಳಗೇ ಬರಬೇಕು. ಸಂಗ್ರಹ ಎಂಬ ಪದಕ್ಕೆ ಇಲ್ಲಿ ಎರಡಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಮಕ್ಕಳಿಬ್ಬರಿಗೂ ಲೈಸೆನ್ಸ್ ಇಲ್ಲ. ತಾನು ಸತ್ತ ದಿನ ಆ ಕಾರಿನ ಬೆಲೆಯ ವಸ್ತುವನ್ನು ಅವರು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಠಾಣೆಗೋ ಪರವಾನಗಿ ಪಡೆದ ಅಂಗಡಿಗೋ ಒಪ್ಪಿಸಿ, ಆಮೇಲೆ ಅರ್ಜಿಯ ಹಿಂದೆ ಅಲೆಯಬೇಕು. ಅದಕ್ಕೆ ಅವರಿಗೆ ಪುರುಸೊತ್ತಿದೆಯೇ ಎಂಬುದು ಅವನಿಗೆ ಗೊತ್ತು.

ಇಷ್ಟೆಲ್ಲ ತಿಳಿದೂ ಕೊಳ್ಳುವವರು ಇದ್ದೇ ಇರುತ್ತಾರೆ. ಅವನೂ ಕೊಂಡನೆಂದೇ ಇಟ್ಟುಕೊಳ್ಳಿ. ಕಬ್ಬಿಣದ ಪೆಟ್ಟಿಗೆ ಬಂತು, ಎಣ್ಣೆ ಬಂತು, ಮೆತ್ತನೆಯ ಫ್ಲಾನೆಲ್ ಬಟ್ಟೆ ಬಂತು. ದಸರೆಯಲ್ಲಿ ಅರಿಶಿನ ಕುಂಕುಮವಿಟ್ಟು ಆಯುಧಪೂಜೆಯೂ ಆಯಿತು. ಆಮೇಲೆ ಚುನಾವಣೆ ಘೋಷಣೆಯಾಗುತ್ತದೆ, ಆಯುಧ ಜಮಾ ಮಾಡಿ ಎಂಬ ಆದೇಶ ಬರುತ್ತದೆ. ಲೋಕಸಭೆಗೊಮ್ಮೆ, ವಿಧಾನಸಭೆಗೊಮ್ಮೆ, ನಡುವೆ ಸ್ಥಳೀಯ ಸಂಸ್ಥೆಗಳಿಗೊಮ್ಮೆ. ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಯ್ಯುತ್ತಾನೆ. ಪೇದೆ ನಂಬರ್ ಬರೆದುಕೊಂಡು, ಒಂದು ಚೀಟಿ ಕಟ್ಟಿ, ಊರಿನ ಬೇರೆ ತೋಟದ ಬಂದೂಕುಗಳ ಪಕ್ಕ ಅದನ್ನು ಒರಗಿಸುತ್ತಾನೆ. ಮ್ಯಾಂಟನ್ ಕಂಪನಿಯ ಹೆಸರು ಗೋಡೆಯ ಕಡೆಗೆ ತಿರುಗಿರುತ್ತದೆ. ಗಾರ್ಡ್ ರಸೀದಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು, ಫಲಿತಾಂಶ ಯಾವ ತಾರೀಕಿಗೆ ಎಂದು ಕೇಳಿಕೊಂಡು ಮನೆಗೆ ಬರುತ್ತಾನೆ.