ಪದವಿ ವಿದ್ಯಾರ್ಥಿಗಳ ಅಧ್ಯಯನ: ಬಿಟ್ಟು ಹೋದವರನ್ನು ಕೇಳಿದವರಾರು?

ಕುಂದಾಪುರ: ಪದವಿ ಕಾಲೇಜುಗಳ ಬಗ್ಗೆ ನಮಗೆ ದೊರೆಯುವ ಮಾಹಿತಿಯಲ್ಲಿ ಹೆಚ್ಚಿನದು ತರಗತಿಯಲ್ಲಿ ಕುಳಿತಿರುವವರಿಂದ ಸಂಗ್ರಹಿಸಿದ್ದು. ಎಷ್ಟು ಮಂದಿ ಸೇರಿದರು, ಯಾವ ಕೋರ್ಸ್ ಆರಿಸಿಕೊಂಡರು, ಬೋಧನೆ ತೃಪ್ತಿ ತಂದಿದೆಯೇ ಎಂಬುದಕ್ಕೆಲ್ಲ ನಮೂನೆಗಳಿವೆ. ವರ್ಗಾವಣೆ ಪತ್ರ ಪಡೆದು ನಡುವೆಯೇ ಹೊರನಡೆದವರನ್ನು ವಿಚಾರಿಸುವ ಏರ್ಪಾಡು ಮಾತ್ರ ವಿರಳ. ವಿದ್ಯಾರ್ಥಿಗಳ ಅನುಭವ, ಆಯ್ಕೆ, ವರ್ತನೆಗಳ ಕುರಿತ ಸಂಶೋಧನೆಯನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಟ್ಟಿಗೆ ಓದುವಾಗ ಈ ಕೊರತೆ ಎದ್ದು ಕಾಣುತ್ತದೆ.

ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಲಾ ಮತ್ತು ವಿಜ್ಞಾನ ಕಾಲೇಜು ಆರಂಭವಾದುದು 1963ರಲ್ಲಿ. ಅದಕ್ಕೆ ಮುನ್ನ ಪದವಿ ಬೇಕೆಂದವರು 1949ರಲ್ಲಿ ಸ್ಥಾಪನೆಯಾದ ಉಡುಪಿಯ ಎಂ.ಜಿ.ಎಂ. ಕಾಲೇಜಿಗೋ, ಇನ್ನೂ ಮುಂದೆ ಮಂಗಳೂರಿಗೋ ಹೋಗಬೇಕಿತ್ತು. 1980ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಇಲ್ಲಿನ ಕಾಲೇಜುಗಳು ಮೈಸೂರಿನ ಅಧೀನದಲ್ಲಿದ್ದವು. ಈಗ ಬೈಂದೂರು, ಶಂಕರನಾರಾಯಣ, ಕೋಟೇಶ್ವರ, ಬಾರಕೂರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬ್ರಹ್ಮಾವರದಲ್ಲಿ ಕ್ರಾಸ್‌ಲ್ಯಾಂಡ್ ಕಾಲೇಜಿದೆ. ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದುದು 2018ರಲ್ಲಷ್ಟೇ. ಆದುದರಿಂದ ಹಳೆಯ ಅಂಕಿಅಂಶಗಳಲ್ಲಿ ಬೈಂದೂರನ್ನು ಕುಂದಾಪುರದೊಳಗೆ, ಬ್ರಹ್ಮಾವರವನ್ನು ಉಡುಪಿಯೊಳಗೆ ಹುಡುಕಬೇಕು.

ಎಣಿಕೆಯ ಕೆಲಸ ದೇಶಮಟ್ಟದಲ್ಲಿ ವ್ಯವಸ್ಥಿತವಾಗಿ ಆರಂಭವಾದುದು 2010-11ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಿಂದ. 2021-22ರ ವರದಿಯಂತೆ ದೇಶದಲ್ಲಿ ಉನ್ನತ ಶಿಕ್ಷಣಕ್ಕೆ ದಾಖಲಾದವರು ಸುಮಾರು 4.33 ಕೋಟಿ, ಅವರಲ್ಲಿ 2.07 ಕೋಟಿ ಮಹಿಳೆಯರು. 18ರಿಂದ 23ರ ವಯೋಮಾನದ ಜನಸಂಖ್ಯೆಗೆ ಹೋಲಿಸಿದ ಒಟ್ಟು ದಾಖಲಾತಿ ಪ್ರಮಾಣ ದೇಶದಲ್ಲಿ ಶೇ. 28.4, ಕರ್ನಾಟಕದಲ್ಲಿ ಶೇ. 36.2. ಈ ಲೆಕ್ಕವನ್ನು ಕೊಡುವವು ಶಿಕ್ಷಣ ಸಂಸ್ಥೆಗಳು. ವಿದ್ಯಾರ್ಥಿ ಇಲ್ಲಿ ಒಂದು ಸಂಖ್ಯೆ. ಬಾಯಿ ಬಿಡುವ ಸಂದರ್ಭವೇ ಇಲ್ಲ.

ಬಾಯಿ ಬಿಡಿಸುವ ಪ್ರಯತ್ನವನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ 2017ರ ಪರಿಷ್ಕೃತ ಮೌಲ್ಯಾಂಕನ ಪದ್ಧತಿಯಲ್ಲಿ ಮಾಡಿತು. ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಎಂಬ ಹೆಸರಿನ ಆ ಪ್ರಶ್ನಾವಳಿಯಲ್ಲಿ 21 ಪ್ರಶ್ನೆಗಳು. ಇಪ್ಪತ್ತಕ್ಕೆ ಸೊನ್ನೆಯಿಂದ ನಾಲ್ಕರವರೆಗಿನ ಆಯ್ಕೆ, ಕೊನೆಯದಕ್ಕೆ ಸ್ವಂತ ಮಾತಿನ ಉತ್ತರ. ಪಾಠ ಎಷ್ಟು ಮುಗಿಯಿತು, ಅಧ್ಯಾಪಕರು ಎಷ್ಟು ಸಿದ್ಧರಾಗಿ ಬರುತ್ತಾರೆ ಎಂಬಂಥ ಪ್ರಶ್ನೆಗಳಿಗೆ ಇದು ಉಪಯುಕ್ತ. ಆದರೆ ತನ್ನ ಉತ್ತರದಿಂದ ಕಾಲೇಜಿನ ಶ್ರೇಣಿ ನಿರ್ಧಾರವಾಗುತ್ತದೆಂದು ಬಲ್ಲ ವಿದ್ಯಾರ್ಥಿ ಎಷ್ಟು ಮನಬಿಚ್ಚಿ ಬರೆದಾನು ಎಂಬ ಸಂದೇಹ ಉಳಿಯುತ್ತದೆ. ನಮ್ಮ ಕಡೆಯ ಹುಡುಗರನ್ನು ಕಾಲೇಜು ಹೇಗಿದೆ ಎಂದು ಕೇಳಿದರೆ ಬರುವ ಮೊದಲ ಉತ್ತರ ‘ಅಡ್ಡಿಲ್ಲೆ’. ಅದು ಎರಡೋ, ಮೂರೋ, ಸುಮ್ಮನೆ ಮರ್ಯಾದೆಯ ಮಾತೋ ಎಂಬುದನ್ನು ಕೇಳಿದವರೇ ತೀರ್ಮಾನಿಸಬೇಕು!

ಈ ಕ್ಷೇತ್ರದ ಸಿದ್ಧಾಂತಗಳು ಬಹುಮಟ್ಟಿಗೆ ಅಮೆರಿಕದವು. ಅಲೆಕ್ಸಾಂಡರ್ ಆಸ್ಟಿನ್ 1966ರಲ್ಲಿ ಅಲ್ಲಿನ ಹೊಸ ವಿದ್ಯಾರ್ಥಿಗಳ ವಾರ್ಷಿಕ ಸಮೀಕ್ಷೆಯನ್ನು ಆರಂಭಿಸಿದರು. ವಿನ್ಸೆಂಟ್ ಟಿಂಟೊ 1975ರ ಲೇಖನದಲ್ಲಿ, ಬಳಿಕ 1987ರ ಪುಸ್ತಕದಲ್ಲಿ, ಕಾಲೇಜು ಬಿಡುವುದು ಕೇವಲ ವಿದ್ಯಾರ್ಥಿಯ ದೌರ್ಬಲ್ಯವಲ್ಲ, ಕಾಲೇಜಿನ ಪಾಠ ಮತ್ತು ಸಮಾಜದೊಳಗೆ ಅವನು ಎಷ್ಟು ಬೆರೆತ ಎಂಬುದೂ ಕಾರಣ ಎಂದು ವಾದಿಸಿದರು. ಅವರ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ಕ್ಯಾಂಪಸ್ಸಿನಲ್ಲೇ ವಾಸಿಸುವ ವಿದ್ಯಾರ್ಥಿ. ದಿನವೂ ಮನೆಯಿಂದ ಓಡಾಡುವವರಿಗೆ ಈ ಮಾತು ಪೂರ್ತಿ ಒಪ್ಪದೆಂಬ ಟೀಕೆಯೂ ಬಂತು. ಆ ಟೀಕೆ ನಮಗೆ ಹತ್ತಿರದ್ದು. ಅಮಾಸೆಬೈಲು, ಕೊಲ್ಲೂರು ಕಡೆಯಿಂದ ಬರುವವರ ಆಯ್ಕೆಯಲ್ಲಿ ಕೋರ್ಸಿನಷ್ಟೇ ತೂಕ ಸಂಜೆಯ ಬಸ್ಸಿಗೂ ಇರುತ್ತದೆ. ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದರೂ ಅದು ಸರ್ಕಾರಿ ಬಸ್ಸಿಗೆ ಸೀಮಿತ. ಕರಾವಳಿಯ ಒಳರಸ್ತೆಗಳಲ್ಲಿ ಖಾಸಗಿ ಬಸ್ಸುಗಳದೇ ಪ್ರಾಬಲ್ಯ. ಯಾಕೆ ಈ ಕೋರ್ಸ್ ತೆಗೆದುಕೊಂಡಿರಿ ಎಂಬ ಪ್ರಶ್ನೆಗೆ ‘ಆಸಕ್ತಿ’ ಎಂಬ ಉತ್ತರ ಬಂದಲ್ಲಿ, ಎಷ್ಟು ಗಂಟೆಗೆ ಮನೆ ಬಿಡುತ್ತೀರಿ ಎಂದು ಮತ್ತೊಮ್ಮೆ ಕೇಳುವುದು ಒಳಿತು.

ಆಯ್ಕೆಯ ನಿಯಮವೇ ಬದಲಾದ ಉದಾಹರಣೆಯೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷಗಳ ಪದವಿಯ ವ್ಯವಸ್ಥೆ ಬಂತು. 2024ರ ಮೇ ತಿಂಗಳ ಆದೇಶದಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ಮೂರು ಸಾಲಿನ ವಿದ್ಯಾರ್ಥಿಗಳನ್ನು ಹಿಂದಿನವರೊಡನೆಯಾಗಲೀ ಮುಂದಿನವರೊಡನೆಯಾಗಲೀ ನೇರವಾಗಿ ಹೋಲಿಸಲಾಗದು.

ಬಿಟ್ಟು ಹೋದವರ ಪ್ರಶ್ನೆ ಈ ಊರಿನಲ್ಲಿ ತೀವ್ರವಾಗಿ ಎದುರಾದುದು 2022ರಲ್ಲಿ. ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದ ಫೆಬ್ರವರಿ ಮೊದಲ ವಾರ ಕುಂದಾಪುರದ ಕಾಲೇಜುಗಳ ಗೇಟಿಗೆ ಬಂದು ನಿಂತಿತು. ಹೈಕೋರ್ಟ್ ಮಾರ್ಚ್ 15ರಂದು ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಈ ನಡುವೆ, ಆಗಸ್ಟ್‌ನಲ್ಲಿ, ಮಾಹಿತಿ ಹಕ್ಕಿನಡಿ ಒಂದು ಅಂಕಿ ಹೊರಬಂತು. ಮಂಗಳೂರು ವಿ.ವಿ. ವ್ಯಾಪ್ತಿಯ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳ ಸುಮಾರು 900 ಮುಸ್ಲಿಂ ವಿದ್ಯಾರ್ಥಿನಿಯರಲ್ಲಿ 145 ಮಂದಿ, ಅಂದರೆ ಶೇ. 16ರಷ್ಟು, ವರ್ಗಾವಣೆ ಪತ್ರ ಪಡೆದಿದ್ದರು. ಇವರಲ್ಲಿ ಬೇರೆ ಕಾಲೇಜು ಸೇರಿದವರೂ ಇದ್ದರು, ಓದನ್ನೇ ನಿಲ್ಲಿಸಿದವರೂ ಇದ್ದರು. ಯಾರು ಯಾವ ಕಾರಣಕ್ಕೆ ಹೋದರೆಂದು ಆ ಸಂಖ್ಯೆ ಹೇಳುವುದಿಲ್ಲ. ಕಾರಣ ತಿಳಿಯಲು ಕೇಳಲೇಬೇಕಿತ್ತು.

ಕೇಳಿದವರಲ್ಲಿ ಪಿಯುಸಿಎಲ್ ಕರ್ನಾಟಕ ಘಟಕ ಒಂದು. ಉಡುಪಿಯೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ವಿದ್ಯಾರ್ಥಿನಿಯರೊಡನೆ ಮಾತನಾಡಿ ಅದು 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಂತರ ವರದಿಯನ್ನೂ 2023ರ ಜನವರಿಯಲ್ಲಿ ಅಂತಿಮ ವರದಿಯನ್ನೂ ಪ್ರಕಟಿಸಿತು. ಅದು ಹಕ್ಕುಗಳ ಪರ ನಿಲುವು ತಳೆದ ಸಂಘಟನೆಯ ದಾಖಲೆ, ಮಾದರಿ ಸಮೀಕ್ಷೆಯಲ್ಲ. ಆ ಎಚ್ಚರದಿಂದಲೇ ಓದಬೇಕು. ಹಾಗಿದ್ದೂ, ತರಗತಿ ತಪ್ಪಿದ ದಿನಗಳನ್ನು ಅನುಭವಿಸಿದವರ ಬಾಯಿಂದಲೇ ದಾಖಲಿಸಿದುದು ಅದರ ಹೆಚ್ಚುಗಾರಿಕೆ. ಅದೇ ವರ್ಷ ತೃಪ್ತಿ ಸಮೀಕ್ಷೆ ನಡೆದ ಕಾಲೇಜಿನಲ್ಲಿ ಇವರಿಗೆ ಪ್ರಶ್ನಾವಳಿ ತಲುಪುವ ಸಂಭವವೇ ಇರಲಿಲ್ಲ. ಅದು ಹೋಗುವುದು ದಾಖಲಾತಿಯಲ್ಲಿ ಇರುವವರಿಗೆ.

ನೇರ ಸಂದರ್ಶನದಿಂದ ಸರ್ಕಾರಿ ಸಮಿತಿಯೂ ಸತ್ಯಕ್ಕೆ ಹತ್ತಿರ ಹೋಗಬಲ್ಲದು. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ಅನುಭವವನ್ನು ಕುರಿತು 2007ರಲ್ಲಿ ವರದಿ ನೀಡಿದ ಸುಖದೇವ್ ಥೋರಟ್ ಅವರೇ ಮುಂದೆ ಕರ್ನಾಟಕದ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರಾದರು.

ನಮ್ಮ ತಾಲೂಕುಗಳಲ್ಲಿ ಇಂಥ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಸಮಾಜಶಾಸ್ತ್ರ ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಪ್ರಬಂಧಕ್ಕೆಂದು ಕೈಗೆತ್ತಿಕೊಳ್ಳಬಹುದಾದಷ್ಟು ಕೆಲಸವಿದು. ಕಾಲೇಜಿನ ಮೂಲಕ ಪತ್ರ ಕಳುಹಿಸಿ, ಒಪ್ಪಿದವರನ್ನಷ್ಟೇ, ಹೆಸರು ಹೊರಬಾರದ ಭರವಸೆಯೊಡನೆ, ಅಧ್ಯಾಪಕರಿಲ್ಲದ ಜಾಗದಲ್ಲಿ ಮಾತನಾಡಿಸಬೇಕು. ವರ್ಗಾವಣೆ ಪತ್ರದ ಅರ್ಜಿಯಲ್ಲಿ ಕಾರಣದ ಕಲಮು ಇರುತ್ತದೆ, ನಿಜ. ಅಲ್ಲಿ ಸಾಮಾನ್ಯವಾಗಿ ಕಾಣುವ ಬರಹ ‘ಸ್ವಂತ ಕಾರಣ’.